ಮೇಷ್ಟ್ರಾಗೋಕೆ ನಾಲ್ಕು ವರ್ಷ ಬೇಕಾ?

ಹೋದ ತಿಂಗಳು ನಮ್ಮ ಟೀಮಿಗೆ ಮೂರು ಜನ ಫ್ರೆಶರ್ಸ್ ಬಂದ್ರು. ಅವರಿಗೆ ಗಿಟ್ ಹೇಳಿಕೊಡೋ ಕೆಲಸ ನನ್ನ ತಲೆಗೆ ಬಿತ್ತು. ಆರು ವರ್ಷದಿಂದ ದಿನಾ ಬಳಸ್ತಾ ಇರೋದು, ಇದರಲ್ಲೇನು ಮಹಾ ಅಂತ ನಲವತ್ತು ಸ್ಲೈಡ್ ಮಾಡ್ಕೊಂಡು ಹೋಗಿ ಎರಡು ಗಂಟೆ ಕೊರೆದೆ. ಕೊನೆಗೆ "ಅರ್ಥ ಆಯ್ತಾ?" ಅಂದೆ. ಮೂರೂ ಜನ ತಲೆ ಅಲ್ಲಾಡಿಸಿದ್ರು. ಮಾರನೇ ದಿನ ಬೆಳಿಗ್ಗೆ ಅವರಲ್ಲೊಬ್ಬ ಇನ್ನೊಬ್ಬರ ಎರಡು ದಿನದ ಕೆಲಸವನ್ನ ಅಳಿಸಿ ಹಾಕಿದ್ದ (ವಾಪಸ್ ಸಿಕ್ತು ಬಿಡಿ, ಗಿಟ್ ಇರೋದೇ ಅದಕ್ಕೆ).

ರಾತ್ರಿ ಈ ಗೋಳನ್ನ ಚಿಕ್ಕಪ್ಪನ ಮಗಳ ಹತ್ರ ಫೋನಿನಲ್ಲಿ ಹೇಳ್ಕೊಂಡೆ. ಅವಳು ಹೈಸ್ಕೂಲಿನಲ್ಲಿ ಗಣಿತ, ವಿಜ್ಞಾನ ಹೇಳಿಕೊಡ್ತಾಳೆ. ಎಲ್ಲಾ ಕೇಳಿಸ್ಕೊಂಡು ಒಂದೇ ಪ್ರಶ್ನೆ ಹಾಕಿದ್ಲು. "ಅಣ್ಣ, ಶುರು ಮಾಡೋಕೆ ಮುಂಚೆ ಅವರಿಗೆ ಏನೇನು ಗೊತ್ತಿದೆ ಅಂತ ಕೇಳಿದ್ಯಾ?"

ಕೇಳಿರಲಿಲ್ಲ.

ಇದೇ ಹುಡುಗಿ 2016ರಲ್ಲಿ ಪಿಯುಸಿ ಮುಗಿಸಿ, ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲಿ ಬಿ.ಎಸ್ಸಿ.ಎಡ್. ಮಾಡ್ತೀನಿ ಅಂದಾಗ ಮನೆಯಲ್ಲಿ ದೊಡ್ಡ ರಾಮಾಯಣವೇ ಆಗಿತ್ತು. "ಮೇಷ್ಟ್ರಾಗೋಕೆ ಎಂಟ್ರೆನ್ಸ್ ಪರೀಕ್ಷೆ ಬೇರೆನಾ? ಅದೂ ನಾಲ್ಕು ವರ್ಷ? ಅಷ್ಟರಲ್ಲಿ ಇಂಜಿನಿಯರೇ ಆಗಬಹುದಲ್ಲಮ್ಮ" ಅಂತ ನಮ್ಮಪ್ಪ. ಆಗ ನಾನು ಮೈಸೂರಿನಲ್ಲೇ ಇಂಜಿನಿಯರಿಂಗ್ ಒಂದು ವರ್ಷ ಮುಗಿಸಿ ಭಾರಿ ತಿಳಿದವನ ಹಾಗೆ ಓಡಾಡ್ಕೊಂಡಿದ್ದೆ. ಅಪ್ಪನ ಪರವಾಗಿ ವಾದ ಮಾಡಿದ್ದು ನಾನೇ. "ಇಷ್ಟು ಒಳ್ಳೆ ಮಾರ್ಕ್ಸ್ ಇಟ್ಕೊಂಡು ಹಾಳು ಮಾಡ್ಕೋಬೇಡ" ಅಂತ ಅವಳ ಮುಖಕ್ಕೇ ಹೇಳಿದ್ದೆ. ಅವಳು ಅತ್ತಳು, ಆಮೇಲೆ ಹೋಗಿ ಸೇರ್ಕೊಂಡ್ಲು. ಆ ಮಾತು ಈಗ ನೆನಪಾದ್ರೆ ನಾಚಿಕೆ ಆಗುತ್ತೆ.

ಮಾನಸಗಂಗೋತ್ರಿಯ ಪಕ್ಕದಲ್ಲಿರೋ ಈ ಕಾಲೇಜನ್ನ ಮೈಸೂರಿನ ಹಳಬರು ಈಗಲೂ 'ರೀಜನಲ್ ಕಾಲೇಜು' ಅಂತಲೇ ಕರೀತಾರೆ. 1961ರಲ್ಲಿ ಹುಟ್ಟಿದ ಎನ್‌ಸಿಇಆರ್‌ಟಿ 1963ರಲ್ಲಿ ಅಜ್ಮೀರ್, ಭೋಪಾಲ್, ಭುವನೇಶ್ವರ, ಮೈಸೂರು ಹೀಗೆ ನಾಲ್ಕು ಕಡೆ ಕಟ್ಟಿದ ಕಾಲೇಜುಗಳಲ್ಲಿ ಇದೊಂದು. ನಡೆಸೋದು ಎನ್‌ಸಿಇಆರ್‌ಟಿ, ಪದವಿ ಮಾತ್ರ ಮೈಸೂರು ವಿಶ್ವವಿದ್ಯಾನಿಲಯದ್ದು. ಆ ಕಾಲದಲ್ಲಿ ಬರೀ ಪಾಠ ಅಲ್ಲದೆ ಕೈಕೆಲಸ, ತಾಂತ್ರಿಕ ವಿದ್ಯೆ, ವಾಣಿಜ್ಯ, ಕೃಷಿ ಎಲ್ಲಾ ಕಲಿಸೋ 'ವಿವಿಧೋದ್ದೇಶ ಶಾಲೆ'ಗಳ ಕನಸಿತ್ತು. ಅವಕ್ಕೆ ಮೇಷ್ಟ್ರನ್ನ ತಯಾರು ಮಾಡೋಕೆ ಅಂತ ಈ ಕಾಲೇಜುಗಳು ಬಂದದ್ದು. ಆ ಕನಸು ದೇಶದಲ್ಲಿ ಎಲ್ಲೂ ಅಷ್ಟಾಗಿ ಫಲಿಸಲಿಲ್ಲ, ಆದರೆ ಕ್ಯಾಂಪಸ್ಸಿನೊಳಗಿನ ಡೆಮಾನ್‌ಸ್ಟ್ರೇಷನ್ ಮಲ್ಟಿಪರ್ಪಸ್ ಸ್ಕೂಲ್ ಅದೇ ಹೆಸರಿಟ್ಟುಕೊಂಡು ಇವತ್ತಿಗೂ ನಡೀತಿದೆ.

ನನ್ನ ಮಟ್ಟಿಗೆ ಆ ಕಾಲೇಜಿನ ದೊಡ್ಡ ಸಾಧನೆ ಯಾವುದು ಅಂದ್ರೆ, ಕಾಲೇಜಿನ ಅಂಗಳದಲ್ಲೇ ಒಂದು ನಿಜವಾದ ಶಾಲೆ ಇರೋದು. ಮೆಡಿಕಲ್ ಕಾಲೇಜಿನ ಜೊತೆ ಆಸ್ಪತ್ರೆ ಇರಲೇಬೇಕು ಅಂತ ನಾವೆಲ್ಲ ಒಪ್ಪುತ್ತೀವಿ. ಮೇಷ್ಟ್ರ ಕಾಲೇಜಿಗೆ ಮಾತ್ರ ಒಂದು ಕಟ್ಟಡ, ನಾಲ್ಕು ಗೈಡು ಇದ್ರೆ ಸಾಕು ಅಂದ್ಕೊಂಡಿದ್ದೀವಿ.

ಭಾನುವಾರ ಊರಿಂದ ಬಂದ ಚಟ್ನಿಪುಡಿ, ಕೋಡುಬಳೆ ಕೊಡೋಕೆ ಅಂತ ಅಲ್ಲಿಗೆ ಹೋಗ್ತಿದ್ದೆ. ನಮ್ಮ ಕಾಲೇಜಿನಲ್ಲಿ ಸಬ್ಮಿಷನ್ ಹಿಂದಿನ ರಾತ್ರಿ ಒಬ್ಬ ಬರೆದಿದ್ದನ್ನ ಅರವತ್ತು ಜನ ಇಳಿಸ್ತಿದ್ವಿ. ಇಲ್ಲಿ ಮರದ ಕೆಳಗೆ ಆರೇಳು ಜನ ಕೂತು ಎಂಟನೇ ಕ್ಲಾಸಿಗೆ 'ಒತ್ತಡ' ಅನ್ನೋದನ್ನ ಹೇಗೆ ಹೇಳೋದು ಅಂತ ಜಗಳ ಆಡ್ತಿದ್ರು. ಮೊಳೆಯಿಂದ ಶುರು ಮಾಡೋದೋ ಅಥವಾ ಬ್ಯಾಗಿನ ಪಟ್ಟಿಯಿಂದಲೋ? ಒಂದು ಗಂಟೆ ಇದೇ ಚರ್ಚೆ! ಇವರಿಗೇನು ಬೇರೆ ಕೆಲಸ ಇಲ್ವಾ ಅಂತ ಅವತ್ತು ನಗು ಬಂದಿತ್ತು.

ಅವಳು ಪಾಠ ಮಾಡೋವಾಗ ಸಹಪಾಠಿಗಳು ಹಿಂದಿನ ಬೆಂಚಿನಲ್ಲಿ ಪುಸ್ತಕ ಹಿಡ್ಕೊಂಡು ಕೂರ್ತಿದ್ರಂತೆ. 'ಬೋರ್ಡಿಗೆ ಮುಖ ಮಾಡಿಕೊಂಡೇ ಮಾತಾಡಿದೆ', 'ಮುಂದಿನ ಸಾಲಿನವರನ್ನ ಮಾತ್ರ ಪ್ರಶ್ನೆ ಕೇಳಿದೆ', 'ಕಿಟಕಿ ಪಕ್ಕದ ಹುಡುಗ ಹತ್ತು ನಿಮಿಷದಿಂದ ನಿನ್ನ ಜೊತೆ ಇಲ್ಲ'. ಇಂಥವನ್ನ ಬರೆದು ಕೊಡ್ತಿದ್ರು. ನಮ್ಮಲ್ಲಿ ಕೋಡ್ ರಿವ್ಯೂ ಅಂತೀವಲ್ಲ, ಅದೇ. ವ್ಯತ್ಯಾಸ ಏನಂದ್ರೆ ನಮ್ಮ ರಿವ್ಯೂನಲ್ಲಿ ಮುಕ್ಕಾಲು ಪಾಲು ಅಹಂಕಾರ ಇರುತ್ತೆ. ಅಲ್ಲಿ ಇವತ್ತು ಬರೆದವನು ನಾಳೆ ತಾನೇ ಹೋಗಿ ಆ ಬೋರ್ಡಿನ ಮುಂದೆ ನಿಲ್ಲಬೇಕು :)

ಇನ್ನು ಹಾಸ್ಟೆಲ್ಲು. ಕರ್ನಾಟಕ, ಕೇರಳ, ತಮಿಳುನಾಡು, ಆಂಧ್ರ, ತೆಲಂಗಾಣ, ಪುದುಚೇರಿ, ಲಕ್ಷದ್ವೀಪ, ಇಷ್ಟೂ ಕಡೆಗೆ ಈ ಒಂದೇ ಸಂಸ್ಥೆ. ಕನ್ನಡ ಮೀಡಿಯಂನಲ್ಲಿ ಓದಿದ ನಮ್ಮ ಹುಡುಗಿ ಮೊದಲ ಸೆಮಿಸ್ಟರಿನಲ್ಲಿ ಇಂಗ್ಲಿಷ್ ಪಾಠ ಅರ್ಥ ಆಗದೆ ಊರಿಗೆ ವಾಪಸ್ ಬರ್ತೀನಿ ಅಂತ ಫೋನ್ ಮಾಡಿದ್ಲು. ನಾನು "ಹೇಳಿರಲಿಲ್ವಾ?" ಅಂದಿದ್ದೆ. ಎಂಥಾ ಅಣ್ಣ ನೋಡಿ! ಅವಳನ್ನ ಉಳಿಸಿದ್ದು ಕೇರಳದ ರೂಮ್‌ಮೇಟು. ದಿನಾ ರಾತ್ರಿ ಊಟ ಆದ ಮೇಲೆ ಆವತ್ತಿನ ಕೆಮಿಸ್ಟ್ರಿ ನೋಟ್ಸ್ ಇಬ್ಬರೂ ಸೇರಿ ಓದೋರಂತೆ. ಬದಲಿಗೆ ಇವಳು ಆ ಹುಡುಗಿಗೆ ಕನ್ನಡ ಹೇಳಿಕೊಟ್ಟಳು, ಯಾಕಂದ್ರೆ ಮೈಸೂರಿನ ಶಾಲೆಗೆ ಪಾಠಕ್ಕೆ ಹೋದಾಗ ಮಕ್ಕಳು ಪಿಸುಪಿಸು ಅಂದಿದ್ದು ಅರ್ಥ ಆಗಬೇಕಲ್ಲ! ಹಳ್ಳಿಯಲ್ಲಿ ಕೆಲವು ದಿನ ಉಳಿದು ಊರವರ ಜೊತೆ ಕೆಲಸ ಮಾಡೋ ಕ್ಯಾಂಪು ಕೂಡ ಅವರ ಓದಿನ ಭಾಗವೇ. ಯಾವ ಮನೆಯಿಂದ ಮಗು ಶಾಲೆಗೆ ಬರುತ್ತೆ ಅಂತ ಮೇಷ್ಟ್ರಿಗೆ ಗೊತ್ತಿರಬೇಕು ಅನ್ನೋ ಲೆಕ್ಕ ಇರಬೇಕು.

1964-66ರ ಕೊಠಾರಿ ಆಯೋಗ ಶಿಕ್ಷಕರ ತರಬೇತಿಯ ರೋಗ ಏನು ಅಂತ ಆಗಲೇ ಹೇಳಿತ್ತು. ತರಬೇತಿ ಕಾಲೇಜುಗಳು ವಿಶ್ವವಿದ್ಯಾನಿಲಯದಿಂದ ದೂರ, ಶಾಲೆಗಳಿಂದ ದೂರ, ಒಂದರಿಂದ ಇನ್ನೊಂದು ದೂರ. ಆಮೇಲೆ ನಾವು ಮಾಡಿದ್ದೇನು? ಒಂದು ವರ್ಷದ ಬಿ.ಎಡ್. ಕೊಡೋ ಕಾಲೇಜುಗಳನ್ನ ಎಲ್ಲೆಂದರಲ್ಲಿ ತೆರೆದ್ವಿ. ನ್ಯಾಯಮೂರ್ತಿ ಜೆ.ಎಸ್. ವರ್ಮಾ ಆಯೋಗದ 2012ರ ವರದಿಯನ್ನ ಹೆಸರಿಸಿ 2020ರ ರಾಷ್ಟ್ರೀಯ ಶಿಕ್ಷಣ ನೀತಿಯೇ ಒಪ್ಪಿಕೊಂಡಿದೆ: ಒಂಟಿಯಾಗಿ ನಡೆಯೋ 10,000ಕ್ಕೂ ಹೆಚ್ಚು ಇಂಥ ಸಂಸ್ಥೆಗಳಲ್ಲಿ ಬಹುಪಾಲು, ದುಡ್ಡಿಗೆ ಪದವಿ ಮಾರ್ತಿವೆ ಅಂತ. 2015ರಿಂದ ಬಿ.ಎಡ್. ಎರಡು ವರ್ಷ ಆಯ್ತು. ಈಗ ಅದೇ ನೀತಿ 2030ರ ಹೊತ್ತಿಗೆ ಶಿಕ್ಷಕರಿಗೆ ನಾಲ್ಕು ವರ್ಷದ ಸಂಯೋಜಿತ ಬಿ.ಎಡ್. ಕನಿಷ್ಠ ಅರ್ಹತೆ ಆಗಬೇಕು ಅನ್ನುತ್ತೆ. 2023ರಲ್ಲಿ 57 ಸಂಸ್ಥೆಗಳಲ್ಲಿ ಪ್ರಯೋಗಕ್ಕೆ ಚಾಲನೆ ಕೊಟ್ರು.

ಅಂದ್ರೆ, ನಮ್ಮಪ್ಪ ಬೇಕಾ ಅಂತ ಕೇಳಿದ ಆ ನಾಲ್ಕು ವರ್ಷ ದೇಶಕ್ಕೆಲ್ಲ ಬೇಕು ಅಂತ ಆಯ್ತು. ಮೈಸೂರಿನಲ್ಲಿ ಅದನ್ನ ಅರವತ್ತರ ದಶಕದಿಂದ ಮಾಡ್ಕೊಂಡು ಬಂದಿದ್ರು.

ಖುಷಿಯ ವಿಷಯವೇ. ಆದರೆ ನನಗೆ ಭಯ ಇದೆ. ಸಿಲಬಸ್ಸನ್ನ ಕಾಪಿ-ಪೇಸ್ಟ್ ಮಾಡೋದು ಸುಲಭ, ಬೋರ್ಡಿನ ಮೇಲೆ ಒಂದು ಎರಡನ್ನ ನಾಲ್ಕು ಅಂತ ತಿದ್ದಿದ್ರೆ ಮುಗೀತು. ಅಂಗಳದ ಶಾಲೆ, ಹಿಂದಿನ ಬೆಂಚು, ಏಳು ಕಡೆಯಿಂದ ಬಂದವರ ಹಾಸ್ಟೆಲ್ಲು ಇವನ್ನ ಹೇಗೆ ಕಾಪಿ ಮಾಡ್ತೀರಾ? ಅದಿಲ್ಲದೆ ಹೋದ್ರೆ ದುಡ್ಡಿಗೆ ಸಿಗೋ ಪದವಿಯ ಬೆಲೆ ಎರಡು ಪಟ್ಟಾಗುತ್ತೆ ಅಷ್ಟೆ. ಬಡವರ ಮನೆ ಹುಡುಗರಿಗೆ ಮೇಷ್ಟ್ರಾಗೋದೂ ದುಬಾರಿ ಆಗುತ್ತೆ. ಹೊಸ ಕಾಲೇಜಿಗೆ ಅನುಮತಿ ಕೊಡೋ ಮೊದಲು 'ನಿಮ್ಮ ಶಾಲೆ ಎಲ್ಲಿ, ಮಕ್ಕಳೆಲ್ಲಿ ತೋರಿಸಿ' ಅಂತ ಕೇಳಲಿ ಅನ್ನೋದು ನನ್ನ ವಾದ. ನಿಮ್ಮಲ್ಲಿ ಬಿ.ಎಡ್. ಮಾಡಿದವರು, ಮೇಷ್ಟ್ರಾಗಿರೋರು ಇದ್ದೀರಿ, ತಪ್ಪಿದ್ರೆ ತಿದ್ದಿ.

ಅವಳ ಕ್ಲಾಸಿನ ಒಂದಿಬ್ಬರು ನನ್ನ ಹಾಗೇ ಐಟಿಗೆ ಬಂದ್ರಂತೆ. ಸಂಬಳದ ಮಾತು ಬಂದಾಗ ಅವಳೂ ಸುಮ್ಮನಾಗ್ತಾಳೆ, ನಾನೂ ಮುಂದೆ ಕೇಳಲ್ಲ.

ಇರ್ಲಿ. ಆ ಮೂರು ಹುಡುಗರಿಗೆ ಮತ್ತೆ ಪಾಠ ಮಾಡಿದೆ, ಈ ಸಲ ಸ್ಲೈಡ್ ಇಲ್ಲದೆ. ಮೊದಲು ಅವರಿಗೇನು ಗೊತ್ತು ಅಂತ ಕೇಳಿದೆ. ಒಬ್ಬನಿಗೆ ಫೋಲ್ಡರಿಗೂ ಬ್ರಾಂಚಿಗೂ ಏನು ವ್ಯತ್ಯಾಸ ಅನ್ನೋದೇ ಗೊತ್ತಿರಲಿಲ್ಲ, ಎರಡು ಗಂಟೆ ತಲೆ ಅಲ್ಲಾಡಿಸಿದವನು ಅವನೇ! ಈ ಕಥೆ ಹೇಳಿದ್ದಕ್ಕೆ ತಂಗಿ ಈಗ ಹೊಸ ತಗಾದೆ ತೆಗೆದಿದ್ದಾಳೆ. ಅವಳ ಶಾಲೆಗೆ ಹೋಗಿ ಎಂಟನೇ ಕ್ಲಾಸಿಗೆ ಕಂಪ್ಯೂಟರ್ ಬಗ್ಗೆ ಒಂದು ಪೀರಿಯಡ್ ತಗೋಬೇಕಂತೆ, ಅವಳು ಪುಸ್ತಕ ಹಿಡ್ಕೊಂಡು ಹಿಂದಿನ ಬೆಂಚಿನಲ್ಲಿ ಕೂರ್ತಾಳಂತೆ. ಬರೋ ಶನಿವಾರಕ್ಕೆ ಒಪ್ಕೊಂಡಿದ್ದೀನಿ. ಗುರುವಾರದೊಳಗೆ ಪಾಠ ಯೋಜನೆ ಬರೆದು ಕಳಿಸಬೇಕು ಅಂದಿದ್ದಾಳೆ. ಇವತ್ತು ಬುಧವಾರ, ಇನ್ನೂ ಒಂದು ಸಾಲೂ ಬರೆದಿಲ್ಲ.