ಮನೋರಮೆಯಂಥ ಓದುಗರು ಬೇಕು
ಪುಸ್ತಕ ಹೇಗಿತ್ತು ಎಂದು ಕೇಳಿದರೆ ನಮ್ಮಲ್ಲಿ ಹೆಚ್ಚಿನವರ ಉತ್ತರ ‘ಚೆನ್ನಾಗಿದೆ’ ಎಂಬಲ್ಲಿಗೆ ಮುಗಿಯುತ್ತದೆ. ಓದಿದ್ದರ ಬಗ್ಗೆ ಮಾತಾಡುವುದು ಹೇಗೆಂದು ಕಾರ್ಕಳದ ಕಡೆಯ ನಂದಳಿಕೆಯ ಮುದ್ದಣ ನೂರು ವರ್ಷಕ್ಕೂ ಹಿಂದೆಯೇ ತೋರಿಸಿಕೊಟ್ಟಿದ್ದಾನೆ. ಉಡುಪಿಯಲ್ಲಿ ವ್ಯಾಯಾಮ ಶಿಕ್ಷಕನಾಗಿದ್ದು, 1901ರಲ್ಲಿ 31ರ ಹರೆಯದಲ್ಲೇ ತೀರಿಕೊಂಡ ಈ ಕವಿ ತನ್ನ ‘ಶ್ರೀರಾಮಾಶ್ವಮೇಧ’ ಕೃತಿಯ ಒಳಗೇ ಒಬ್ಬ ವಿಮರ್ಶಕಿಯನ್ನು ಕೂರಿಸಿದ. ಮಳೆಗಾಲದ ಬೇಸರ ಕಳೆಯಲು ಗಂಡ ಮುದ್ದಣನಿಂದ ಕಥೆ ಹೇಳಿಸಿಕೊಳ್ಳುವ ಮನೋರಮೆ ಸುಮ್ಮನೆ ಹೂಂಗುಟ್ಟುವವಳಲ್ಲ. ಪದ್ಯ ಬೇಡ, ಗದ್ಯದಲ್ಲಿ ಹೇಳಬೇಕೆನ್ನುತ್ತಾಳೆ. ಸಂಸ್ಕೃತದ ಭಾರ ಹೆಚ್ಚಾದರೆ ತಡೆದು ನಿಲ್ಲಿಸುತ್ತಾಳೆ. ಇಷ್ಟವಾದರೆ ಮನಸಾರೆ ಮೆಚ್ಚುತ್ತಾಳೆ. ಮುದ್ದಣ ಅವಳ ಮಾತಿಗೆ ಬೆಲೆ ಕೊಟ್ಟು ಕಥೆ ಹೇಳುವ ದಾರಿಯನ್ನೇ ಬದಲಿಸುತ್ತಾನೆ. ಕಥೆ ಮರೆತವರಿಗೂ ಇವರಿಬ್ಬರ ಸಲ್ಲಾಪ ಇಂದಿಗೂ ನೆನಪಿದೆ. ಮಣಿಪಾಲದ ಹಾಸ್ಟೆಲಿನಲ್ಲಿ, ಕಾಪುವಿನ ಮನೆ ಜಗಲಿಯಲ್ಲಿ, ಉಡುಪಿ ಬಸ್ಸಿನ ಕಿಟಕಿ ಸೀಟಿನಲ್ಲಿ ಓದುವ ನಾವೂ ಅಷ್ಟು ಧೈರ್ಯ ತೋರಬೇಕು. ಎಲ್ಲಿ ಹಿಡಿಸಿತು, ಎಲ್ಲಿ ಬೇಸರ ಬಂತು, ಯಾವ ಪುಟದಲ್ಲಿ ಕೈಬಿಟ್ಟೆವು ಎಂಬುದನ್ನು ಬಿಚ್ಚಿ ಹೇಳಬೇಕು. ಬರೆಯುವವರಿಗೆ ಸನ್ಮಾನದ ಶಾಲಿಗಿಂತ ಹೆಚ್ಚು ಉಪಕಾರವಾಗುವುದು ಈ ಮಾತುಗಳಿಂದಲೇ.