ಆಪರೇಷನ್‌ಗೆ ಮುಂಚೆ ‘ಅರ್ಧ ಲೋಟ ಕಾಫಿ ಕುಡಿದರೆ ಏನೂ ಆಗಲ್ಲ’ ಅನ್ನೋದು ನಿಜವೇ?

ಆಪರೇಷನ್ ದಿನ ಬೆಳಿಗ್ಗೆ ನರ್ಸ್ ಕೇಳುತ್ತಾರೆ: “ಕೊನೆಗೆ ಏನು ತಿಂದಿರಿ, ಎಷ್ಟು ಗಂಟೆಗೆ?” ಸ್ವಲ್ಪ ಹೊತ್ತಿಗೆ ಅರಿವಳಿಕೆ ವೈದ್ಯರೂ ಅದನ್ನೇ ಕೇಳುತ್ತಾರೆ. “ಒಂದೇ ಪ್ರಶ್ನೆ ಎಷ್ಟು ಸಲ?” ಎಂದು ಮನೆಯವರಿಗೆ ಸಿಟ್ಟು. ಆದರೆ ಈ ಪ್ರಶ್ನೆ ಜೀವ ಉಳಿಸುತ್ತದೆ.

ನಾವು ಎಚ್ಚರವಾಗಿದ್ದಾಗ ಊಟ ಮೇಲೆ ಬಂದರೆ ಕೆಮ್ಮಿ ಹೊರಹಾಕುತ್ತೇವೆ. ಅರಿವಳಿಕೆ ಕೊಟ್ಟಾಗ ಆ ಶಕ್ತಿ ಇರುವುದಿಲ್ಲ. ಹೊಟ್ಟೆಯಲ್ಲಿರುವ ಆಹಾರ, ಆಮ್ಲ ಗಂಟಲಿಗೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು. ಹೆರಿಗೆಯ ವೇಳೆ ಅರಿವಳಿಕೆ ಪಡೆದ ಮಹಿಳೆಯರಲ್ಲಿ ಹೀಗಾಗುವುದನ್ನು ಅಮೆರಿಕದ ವೈದ್ಯ ಕರ್ಟಿಸ್ ಮೆಂಡೆಲ್ಸನ್ 1946ರಲ್ಲಿ ವಿವರಿಸಿದರು.

ಹಾಗಾದರೆ ರಾತ್ರಿಯಿಂದ ಹನಿ ನೀರೂ ಕುಡಿಯಬಾರದೇ? ಇದೂ ಪೂರ್ತಿ ನಿಜವಲ್ಲ. ಈಗಿನ ಸಾಮಾನ್ಯ ಲೆಕ್ಕ ಹೀಗಿದೆ:

• ನೀರು, ಹಾಲಿಲ್ಲದ ಚಹಾ: 2 ಗಂಟೆ ಮುಂಚಿನವರೆಗೆ
• ಮಗುವಿಗೆ ಎದೆಹಾಲು: 4 ಗಂಟೆ
• ಹಾಲು, ಹಾಲು ಹಾಕಿದ ಕಾಫಿ, ಹಗುರ ಆಹಾರ: 6 ಗಂಟೆ
• ಕರಿದ ತಿಂಡಿ, ಮಾಂಸದೂಟ: 8 ಗಂಟೆ ಅಥವಾ ಹೆಚ್ಚು

ಅಂದರೆ ನಮ್ಮ ಫಿಲ್ಟರ್ ಕಾಫಿ ‘ನೀರಿನ’ ಲೆಕ್ಕಕ್ಕೆ ಬರುವುದಿಲ್ಲ, ಅದು ಆಹಾರವೇ. ಸಕ್ಕರೆ ಕಾಯಿಲೆ ಇರುವವರಿಗೆ, ಗರ್ಭಿಣಿಯರಿಗೆ, ತುರ್ತು ಆಪರೇಷನ್‌ಗೆ ಈ ಲೆಕ್ಕ ಬದಲಾಗಬಹುದು. ನಿಮ್ಮ ವೈದ್ಯರು ಹೇಳಿದ ಸಮಯವೇ ಅಂತಿಮ.

ನರ್ಸ್ ಕೇಳುವ ಉಳಿದ ಪ್ರಶ್ನೆಗಳಿಗೂ ಕಾರಣವಿದೆ. ರಕ್ತ ತೆಳುವಾಗಿಸುವ ಮಾತ್ರೆಯಿಂದ ರಕ್ತಸ್ರಾವ ಹೆಚ್ಚಬಹುದು. ಸಕ್ಕರೆ ಕಾಯಿಲೆಯ ಮಾತ್ರೆ ತಿಂದು ಉಪವಾಸವಿದ್ದರೆ ಸಕ್ಕರೆ ಕುಸಿಯಬಹುದು. ಅಲ್ಲಾಡುವ ಹಲ್ಲು, ಕಟ್ಟಿಸಿದ ಹಲ್ಲು ಗಂಟಲಿಗೆ ಜಾರಬಹುದು. ಬೆರಳಿಗೆ ಹಾಕುವ ಆಕ್ಸಿಜನ್ ಯಂತ್ರಕ್ಕೆ ಉಗುರುಬಣ್ಣ ಅಡ್ಡಿಯಾಗಬಹುದು. ಆದ್ದರಿಂದ ಮನೆಮದ್ದು, ಆಯುರ್ವೇದ ಔಷಧಿ ಸೇರಿ ಎಲ್ಲವನ್ನೂ ಹೇಳಿ. ಯಾವ ಮಾತ್ರೆಯನ್ನೂ ನೀವಾಗಿಯೇ ನಿಲ್ಲಿಸಬೇಡಿ.

“ಹಸಿದಿದ್ದಾರೆ ಪಾಪ” ಎಂದು ಕದ್ದು ಬಿಸ್ಕತ್ತು ಕೊಡುವುದು ಪ್ರೀತಿಯಲ್ಲ. ತಪ್ಪಿ ತಿಂದಿದ್ದರೆ ಮುಚ್ಚಿಡದೆ ಹೇಳಿ. ಆಪರೇಷನ್ ಕೆಲವು ಗಂಟೆ ಮುಂದಕ್ಕೆ ಹೋಗಬಹುದು, ಅಷ್ಟೇ. ಮುಚ್ಚಿಟ್ಟರೆ ಜೀವಕ್ಕೇ ಅಪಾಯ.

ಮನೆಯಲ್ಲಿ ಯಾರಿಗಾದರೂ ಆಪರೇಷನ್ ಇದ್ದರೆ, ಇದನ್ನು ಅವರ ಜೊತೆ ಆಸ್ಪತ್ರೆಗೆ ಹೋಗುವವರಿಗೂ ಕಳುಹಿಸಿ.