ಊರು ಬಿಟ್ಟು ಹೋಗಬಾರದ ಕಲ್ಲುಗಳು

ಇಟಲಿಯ ಫ್ಲಾರೆನ್ಸ್ ನಗರದಲ್ಲಿ ‘ಉಫೀಜಿ’ ಎಂಬ ಜಗತ್ಪ್ರಸಿದ್ಧ ಕಲಾ ಸಂಗ್ರಹಾಲಯವಿದೆ. ಉಫೀಜಿ ಎಂದರೆ ಬೇರೇನಲ್ಲ, ಕಚೇರಿಗಳು! 1560ರಲ್ಲಿ ವಾಸಾರಿ ಎಂಬಾತ ಆಡಳಿತ ಕಚೇರಿಗಳಿಗೆಂದೇ ಕಟ್ಟತೊಡಗಿದ ಕಟ್ಟಡವದು. ಆಳುತ್ತಿದ್ದ ಮೆಡಿಚಿ ಮನೆತನದವರು ಅದರ ಮೇಲಂತಸ್ತಿನಲ್ಲಿ ಚಿತ್ರ, ಶಿಲ್ಪಗಳನ್ನು ತಂದಿರಿಸುತ್ತ ಹೋದರು. ಆ ಮನೆತನದ ಕೊನೆಯವಳಾದ ಆನ್ನಾ ಮರಿಯಾ ಲೂಯಿಸಾ 1737ರಲ್ಲಿ ಒಂದು ಕರಾರು ಮಾಡಿಸಿದಳು. ಸಂಗ್ರಹವೆಲ್ಲ ಮುಂದಿನ ದೊರೆಗಳಿಗೆ ಸೇರಲಿ, ಆದರೆ ಒಂದೇ ಒಂದು ವಸ್ತುವೂ ಊರು ಬಿಟ್ಟು ಹೋಗಕೂಡದು ಎಂಬುದು ಅದರ ಷರತ್ತು. 1769ರಲ್ಲಿ ಸಂಗ್ರಹ ಸಾರ್ವಜನಿಕರಿಗೆ ತೆರೆಯಿತು. ಇಂದಿಗೂ ಜನ ಅದನ್ನು ನೋಡಲು ಫ್ಲಾರೆನ್ಸಿಗೇ ಹೋಗಬೇಕು.

ನಮ್ಮ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯಲ್ಲಿಯೂ ಊರು ಬಿಟ್ಟು ಹೋಗದ ಸಂಗ್ರಹವಿದೆ. ಕರಾರು ಮಾತ್ರ ಯಾರೂ ಬರೆದಿಟ್ಟಿಲ್ಲ.

ಹಾನಗಲ್ಲ ತಾರಕೇಶ್ವರ ಗುಡಿಯನ್ನೇ ನೋಡಿ. ರಂಗಮಂಟಪದ ನಡುವೆ ನಿಂತು ತಲೆಯೆತ್ತಿದರೆ ಕಲ್ಲಿನ ದೊಡ್ಡ ಕಮಲವೊಂದು ತಲೆಕೆಳಗಾಗಿ ತೂಗುತ್ತಿರುತ್ತದೆ. ಆದರೆ ಮಕ್ಕಳನ್ನು ಅಲ್ಲಿಂದಲೇ ಹಿಂದಕ್ಕೆ ಕರೆತರಬೇಡಿ. ಆವರಣದಲ್ಲಿರುವ ವೀರಗಲ್ಲುಗಳ ಮುಂದೆ ಅರ್ಧ ಗಂಟೆಯಾದರೂ ಕೂಡಿಸಿರಿ.

ವೀರಗಲ್ಲನ್ನು ಓದುವುದು ಕೆಳಗಿನಿಂದ ಮೇಲಕ್ಕೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ: ಕುದುರೆ, ಬಿಲ್ಲು, ಬಿದ್ದ ಹೆಣ. ನಡುವಿನದರಲ್ಲಿ ಮಡಿದ ವೀರನನ್ನು ಅಪ್ಸರೆಯರು ಕರೆದೊಯ್ಯುತ್ತಾರೆ. ಮೇಲಿನದರಲ್ಲಿ ಆತ ಕೈಲಾಸ ಸೇರಿ ಶಿವಲಿಂಗದ ಸನ್ನಿಧಿಯಲ್ಲಿ ಕುಳಿತಿರುತ್ತಾನೆ. ತುದಿಯಲ್ಲಿ ಸೂರ್ಯ ಚಂದ್ರರು: ಅವರಿರುವ ತನಕ ಇವನ ಹೆಸರಿರಲಿ ಎಂದು. ಪಟ್ಟಿಕೆಗಳ ನಡುವಿನ ಅಂಚಿನಲ್ಲಿ ಅಕ್ಷರಗಳಿದ್ದರೆ ಅದೇ ಶಾಸನ. ಇಂದಿನ ಚಿತ್ರಕಥೆಗಿಂತ ಇದೇನು ಕಡಿಮೆ?

ಹಾನಗಲ್ಲಿನ ಒಂದು ವೀರಗಲ್ಲು 1196ರ ಮುತ್ತಿಗೆಯ ಸಂಗತಿ ಹೇಳುತ್ತದೆ. ಹೊಯ್ಸಳ ವೀರಬಲ್ಲಾಳ ಆನೆಕೆರೆಯ ಬಳಿ ಬೀಡುಬಿಟ್ಟು ಪಟ್ಟಣವನ್ನು ಮುತ್ತಿದ. ಕದಂಬ ಕಾಮದೇವನ ಪಡೆ ಅವನನ್ನು ಆ ಸಲಕ್ಕೆ ಹಿಮ್ಮೆಟ್ಟಿಸಿತು, ಆದರೆ ಅದರ ದಂಡನಾಯಕ ಕಾಳಗದಲ್ಲಿ ಬಿದ್ದ. ಈ ಕಲ್ಲನ್ನು ದೂರದ ನಗರದ ಗಾಜಿನ ಕೋಣೆಯಲ್ಲಿಟ್ಟರೆ ಆನೆಕೆರೆ ಬರೀ ಒಂದು ಹೆಸರಾದೀತು. ಇಲ್ಲಿ ಹುಡುಗ ಕೆರೆಯ ಏರಿಯ ಮೇಲೆ ನಿಂತು ದಂಡು ಎಲ್ಲಿ ಇಳಿದಿತ್ತೆಂದು ಊಹಿಸಬಹುದು.

ಹಿರೇಕೆರೂರು ತಾಲೂಕಿನ ಅಬಲೂರಿನದು ಇನ್ನೊಂದು ಬಗೆ. ಅಲ್ಲಿನ ಸೋಮೇಶ್ವರ ಗುಡಿಯಲ್ಲಿ ಏಕಾಂತದ ರಾಮಯ್ಯನ ಕಥೆಯನ್ನು ಶಿಲ್ಪದಲ್ಲಿ ಕೆತ್ತಿ, ಯಾವ ಚಿತ್ರ ಏನೆಂದು ಚಿಕ್ಕ ಚಿಕ್ಕ ಬರಹಗಳನ್ನೂ ಹಾಕಿದ್ದಾರೆ. ಸಂಗ್ರಹಾಲಯದವರು ಇಂದು ಅಂಟಿಸುವ ಚೀಟಿಯನ್ನು ನಮ್ಮ ಕಲ್ಲುಕುಟಿಗರು ಅಂದೇ ಕೊರೆದಿಟ್ಟರು! ಇಂಗ್ಲಿಷ್ ವಿದ್ವಾಂಸ ಫ್ಲೀಟ್ ಈ ಶಾಸನಗಳನ್ನು ‘ಎಪಿಗ್ರಾಫಿಯಾ ಇಂಡಿಕಾ’ದ ಐದನೆಯ ಸಂಪುಟದಲ್ಲಿ ಪ್ರಕಟಿಸಿದ್ದಾನೆ.

ಶಿಗ್ಗಾಂವಿ ತಾಲೂಕಿನ ಬಂಕಾಪುರ ಕೋಟೆಯೊಳಗೆ ಅರವತ್ತು ಕಂಬದ ಗುಡಿಯಿದೆ. ಗೊಟಗೋಡಿಯಲ್ಲಿ ಕಲಾವಿದ ಟಿ.ಬಿ. ಸೊಲಬಕ್ಕನವರ ರೂಪಿಸಿದ ಉತ್ಸವ ರಾಕ್ ಗಾರ್ಡನ್ ಇದೆ. ಮಕ್ಕಳು ಮೊದಲು ಕೇಳುವುದು ಅದನ್ನೇ, ತಪ್ಪೇನಿಲ್ಲ. ಹಳ್ಳಿಯ ಕಸಬುಗಳನ್ನು ಆಳೆತ್ತರದ ಗೊಂಬೆಗಳಲ್ಲಿ ಅಲ್ಲಿ ಕಾಣಬಹುದು. ಸವಣೂರಿನ ದೊಡ್ಡಹುಣಸೆ ಮಠದ ಮರಗಳಂತೂ ಆಫ್ರಿಕಾ ಮೂಲದವು. ಅವೂ ಒಂದು ಸಂಗ್ರಹವೇ ಎನ್ನಿ.

ರಕ್ಷಿತ ಗುಡಿಗಳಿಗೆ ಕಾವಲಿನವರಿದ್ದಾರೆ. ನನ್ನ ಚಿಂತೆ ಅಗಸೆಯ ಮುಂದೆ, ಕೆರೆಯ ದಂಡೆಗೆ ಬಿದ್ದಿರುವ ಕಲ್ಲುಗಳದು. ಒಂದು ಮೆಟ್ಟಿಲಾಗುತ್ತದೆ, ಇನ್ನೊಂದು ಅರಿವೆ ಒಗೆಯುವ ಬಂಡೆಯಾಗುತ್ತದೆ. ರಸ್ತೆ ಅಗಲವಾಗುವಾಗ ಮಣ್ಣಿನಡಿ ಸೇರುವುದೂ ಉಂಟು. ಅಂಥ ಅಪಾಯ ಬಂದಾಗ ಮಾತ್ರ ಕಲ್ಲನ್ನು ಎತ್ತಿ ಸಂಗ್ರಹಾಲಯಕ್ಕೆ ಒಯ್ಯಬೇಕು. ಆಗಲೂ ಯಾವ ಊರಿನ ಯಾವ ಜಾಗದ್ದೆಂದು ಬರೆದಿಡಬೇಕು. ನೂರು ವರ್ಷ ದಾಟಿದ ಶಿಲ್ಪ 1972ರ ಕಾಯಿದೆಯ ಪ್ರಕಾರ ಪುರಾತನ ವಸ್ತು. ಪರವಾನಿಗೆ ಇಲ್ಲದೆ ಅದರ ವ್ಯಾಪಾರ ಮಾಡುವಂತಿಲ್ಲ.

ಈ ಸೂಟಿಯಲ್ಲಿ ವಿದ್ಯಾರ್ಥಿಗಳು ತಮ್ಮ ಊರಿನ ಕಲ್ಲುಗಳ ಪಟ್ಟಿ ಮಾಡಲಿ. ಎಲ್ಲಿದೆ, ಎಷ್ಟು ಗೇಣು ಎತ್ತರ, ಎಷ್ಟು ಪಟ್ಟಿಕೆ, ಅಕ್ಷರವಿದೆಯೇ — ಇಷ್ಟು ಸಾಕು. ಬೆಳಿಗ್ಗೆ ಇಲ್ಲವೆ ಸಂಜೆ ಹೋಗಿ. ಓರೆ ಬಿಸಿಲಿನಲ್ಲಿ ಸವೆದ ಅಕ್ಷರವೂ ಎದ್ದು ಕಾಣುತ್ತದೆ. ಸುಣ್ಣ, ಎಣ್ಣೆ, ಸೀಮೆಸುಣ್ಣ ಹಚ್ಚಬೇಡಿ. ಪಟ್ಟಿಯ ಒಂದು ಪ್ರತಿ ಶಾಲೆಯಲ್ಲಿ, ಇನ್ನೊಂದು ಪಂಚಾಯಿತಿಯಲ್ಲಿ ಇರಲಿ. ಓದಲಾಗದ ಅಕ್ಷರಗಳಿದ್ದರೆ ಫೋಟೊ ತೆಗೆದು ಧಾರವಾಡದ ಕನ್ನಡ ಸಂಶೋಧನಾ ಸಂಸ್ಥೆಯವರನ್ನು ಕೇಳಿ ನೋಡಬಹುದು.